ಏನ್ಶಂಟ್‌ನ ವಿರುದ್ಧ ಪದ

ತಂಗಿಯ ಮೊಮ್ಮಗಳು ಈಗ ಐದನೇ ಇಯತ್ತೆ. ಹೋದ ಶ್ರಾವಣದಲ್ಲಿ ನಾನು ಸನ್ನತಿಗೆ ಹೋದಾಗ ಅವಳು ತನ್ನ ಅವ್ವನ ಫೋನು ಹಿಡಿದು ‘ನನ್ನ ಊರು’ ಅಂತ ಇಂಗ್ಲಿಷಿನಲ್ಲಿ ಹತ್ತು ಸಾಲು ಬರೆಯುತ್ತ ಕೂತಿದ್ದಳು. ಬರೆದದ್ದನ್ನು ಸಾಲಿಯ ವಾಟ್ಸಾಪ್ ಗುಂಪಿಗೆ ಹಾಕಬೇಕಿತ್ತು. ಮೊದಲ ಸಾಲಿನಲ್ಲೇ ತಡೆ. ಊರ ಹೆಸರು ಹೊಡೆದರೆ ಅದರ ಕೆಳಗೆ ಕೆಂಪು ಗೆರೆ. ಮುಂದಕ್ಕೆ ಹೋದರೆ ಫೋನು ತಾನೇ ಸನ್ನತಿಯನ್ನು ‘ಸ್ಯಾನಿಟಿ’ ಮಾಡಿಬಿಡುತ್ತಿತ್ತು.

‘ಮುತ್ಯಾ, ನಮ್ಮೂರಿನ ಸ್ಪೆಲಿಂಗ್ ತಪ್ಪಂತ ನೋಡು’ ಅಂದಳು.

ನಾನೂ ಫೋನು ಇಸಿದುಕೊಂಡು ಸುತ್ತಲಿನ ಊರುಗಳನ್ನೆಲ್ಲ ಹೊಡೆದು ನೋಡಿದೆ. ಸೇಡಂ ತಪ್ಪು, ಚಿತ್ತಾಪುರ ತಪ್ಪು, ಚಿಂಚೋಳಿ ತಪ್ಪು. ಕನಗನಹಳ್ಳಿಯಂತೂ ಅದಕ್ಕೆ ಅರ್ಥವೇ ಆಗಲಿಲ್ಲ. ವಾಡಿ ಒಂದೇ ಪಾಸಾಯಿತು. ಅದಕ್ಕೂ ಕಾರಣ ಬೇರೆ: ನೀರಿಲ್ಲದ ಹೊಳೆಯ ಪಾತ್ರಕ್ಕೆ ಅರಬ್ಬಿಯಲ್ಲಿ ವಾಡಿ ಅನ್ನುತ್ತಾರೆ, ಆ ಪದ ಇಂಗ್ಲಿಷ್ ನಿಘಂಟಿಗೂ ಸೇರಿದೆ. ನಮ್ಮ ಜಂಕ್ಷನ್ನಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಏಪ್ರಿಲ್ಲಿನಲ್ಲಿ ನಮ್ಮ ಕಾಗಿಣಾ ಹೊಳೆ ನೋಡಿದವರು ಇದೆ ಅಂದರೂ ಅಂದಾರು.

ಫೋನಿನ ತಪ್ಪಿಗೆ ನನಗೇನೂ ಅನ್ನಿಸಲಿಲ್ಲ. ಹುಡುಗಿ ಮಾಡಿದ್ದು ನೋಡಿ ಅನ್ನಿಸಿತು. ಹುಟ್ಟಿದಾಗಿನಿಂದ ಕೇಳಿದ ಹೆಸರು, ಬಸ್ಸಿನ ಬೋರ್ಡಿನ ಮೇಲೆ ದಿನಾ ಓದುವ ಹೆಸರು. ಅದನ್ನು ಅಳಿಸಿ ಫೋನು ಕೊಟ್ಟದ್ದನ್ನೇ ಇಟ್ಟುಕೊಂಡಳು. ಇಂಗ್ಲಿಷಿನಲ್ಲಿ ಬರೆದದ್ದು ಎಲ್ಲಿಂದಲೋ ಮೇಲಿನಿಂದ ಬಂದಿರುತ್ತದೆ, ಅದನ್ನು ಪ್ರಶ್ನೆ ಮಾಡಬಾರದು ಎಂಬ ಆ ನಂಬಿಕೆ ನನಗೆ ಚೆನ್ನಾಗಿ ಪರಿಚಯ.

ನಾವು ಸಾಲಿ ಕಲಿಯುವಾಗ ಇಂಗ್ಲಿಷ್ ಅಕ್ಷರ ಕಾಣಬೇಕೆಂದರೆ ಹುಡುಕಬೇಕಿತ್ತು. ಯೂರಿಯಾ ಚೀಲದ ಮೇಲೆ ಇರುತ್ತಿತ್ತು, ಬ್ಯಾಟರಿ ಸೆಲ್ಲಿನ ಮೇಲೆ, ಔಷಧದ ಬಾಟಲಿಯ ಮೇಲೆ ಇರುತ್ತಿತ್ತು. ಬ್ರಾಹ್ಮಿ ಅಕ್ಷರದ ಕಲ್ಲುಗಳಾದರೆ ಹೊಲದ ಬದುವಿನಲ್ಲೇ ಬಿದ್ದಿರುತ್ತಿದ್ದವು. ಅವು ಎರಡು ಸಾವಿರ ವರ್ಷದ ಅಕ್ಷರ ಅಂತ ನಮಗ್ಯಾರೂ ಹೇಳಿರಲಿಲ್ಲ, ಹೇಳಿದ್ದರೂ ನಾವು ಬೆರಗಾಗುತ್ತಿದ್ದೆವೋ ಇಲ್ಲವೋ. ಹುಡುಗರ ಲೆಕ್ಕದಲ್ಲಿ ಇಂಗ್ಲಿಷ್ ಅದಕ್ಕಿಂತ ಅಪರೂಪದ ಸಾಮಾನು.

ಐದನೆಯ ಇಯತ್ತೆಯಿಂದ ಇಂಗ್ಲಿಷ್ ಶುರು. ಹೈಸ್ಕೂಲಿಗೆ ಬಂದಾಗ ಸಿಕ್ಕವರು ಇಂಗ್ಲಿಷ್ ಸರ್. ಬಿಳಿ ಪೈಜಾಮ, ಮೇಲೊಂದು ಕಂದು ಕೋಟು, ಜೇಬಿನಲ್ಲಿ ಎರಡು ಪೆನ್ನು. ಉರ್ದು ಮಾತಾಡಿದರೆ ಕೇಳುತ್ತ ಕೂರಬೇಕು, ಅಷ್ಟು ಚಂದ. ಕನ್ನಡವೂ ಸ್ವಚ್ಛ. ಇಂಗ್ಲಿಷ್ ಬಂದರೆ ಮಾತ್ರ ಅವರ ದನಿ ಬದಲಾಗುತ್ತಿತ್ತು. ಗಂಟಲು ಬಿಗಿಹಿಡಿದು, ಮೊದಲು ಸ್ಪೆಲಿಂಗ್ ಹೇಳಿ ಆಮೇಲೆ ಪದ ಹೇಳುತ್ತಿದ್ದರು. ಪಠ್ಯಪುಸ್ತಕ ಮೇಜಿನ ಖಾನೆಯಲ್ಲಿ ಇರುತ್ತಿತ್ತು. ಕೈಯಲ್ಲಿ ಗೈಡು. ತೆಳ್ಳನೆಯ ಕಾಗದ, ಒಂದು ಪುಟದ ಮಸಿ ಮತ್ತೊಂದು ಪುಟದಲ್ಲಿ ಕಾಣಬೇಕು, ಹೊಲಿಗೆ ಪಿನ್ನು ಮೂರನೆಯ ತಿಂಗಳಿಗೆ ಬಿಟ್ಟುಕೊಳ್ಳಬೇಕು. ಮೂವರು ನಾಲ್ವರು ಹುಡುಗರು ಸೇರಿ ಒಂದು ಗೈಡು ಕೊಳ್ಳುತ್ತಿದ್ದೆವು.

ಆ ಗೈಡಿನಲ್ಲಿ ವಿರುದ್ಧ ಪದಗಳ ಪಟ್ಟಿ. ರಿಚ್‌ಗೆ ಪೂರ್, ಡೇಗೆ ನೈಟ್, ಏನ್ಶಂಟ್‌ಗೆ ಮೋಡೆಮ್.

ಆರ್ ಅಕ್ಷರಕ್ಕೆ ಎನ್ ಒತ್ತಿಕೊಂಡು ನಿಂತರೆ ಎಂ ಥರ ಕಾಣುತ್ತದೆ. ಮೊಳೆ ಜೋಡಿಸಿದವನು ಹಸ್ತಪ್ರತಿಯಲ್ಲಿ ಹಾಗೇ ಕಂಡು ಎಂ ಅನ್ನೇ ಇಟ್ಟಿದ್ದಾನೆ, ಕರಡು ತಿದ್ದಿದವನು ಅಲ್ಲಿ ಕಣ್ಣು ಹಾಯಿಸಿಲ್ಲ. ಮಾಡರ್ನ್ ಹೋಗಿ ಮೋಡೆಮ್ ಆಗಿದೆ. ಮುಂದೆ ನಾನು ಕಲಬುರಗಿಯಲ್ಲಿ ಅಚ್ಚುಕೂಟದ ಕರಡು ತಿದ್ದುವ ಕೆಲಸಕ್ಕೆ ಸೇರಿದ ಮೇಲೆ ಇದೆಲ್ಲ ತಿಳಿಯಿತು. ಆಗ ನಮಗೆ ಮೋಡೆಮ್ ಅಂದರೆ ಮೋಡೆಮ್, ಅಷ್ಟೇ. ‘ಏನ್ಶಂಟ್ ಅಂದ್ರ ಪುರಾತನ, ಮೋಡೆಮ್ ಅಂದ್ರ ಆಧುನಿಕ’ ಅಂತ ಇಡೀ ವರ್ಗ ರಾಗವಾಗಿ ಹೇಳುತ್ತಿತ್ತು.

ಒಬ್ಬ ಮಾತ್ರ ಹೇಳುತ್ತಿರಲಿಲ್ಲ. ಅವನ ಅಪ್ಪ ಶಹಾಬಾದಿನ ಫರಸಿ ಖಣಿಯಲ್ಲಿ ಕೂಲಿ, ಇವನು ನಮ್ಮೂರಲ್ಲಿ ಸೋದರಮಾವನ ಮನೆಯಲ್ಲಿದ್ದ. ಸುಟ್ಟಿಗೆ ಅಪ್ಪನ ಕಡೆ ಹೋಗುವಾಗ ವಾಡಿಯಲ್ಲಿ ರೈಲು ಬದಲಿಸಬೇಕು. ಗಾಡಿ ಬರುವತನಕ ಅಲ್ಲಿನ ಬೋರ್ಡುಗಳನ್ನೆಲ್ಲ ಓದುವುದು ಅವನ ಚಟ. ಸ್ಟೇಷನ್ ಎದುರಿಗೆ ಒಂದು ಮಾಡರ್ನ್ ಟೇಲರ್ ಅಂಗಡಿ ಇತ್ತು. ಕಿರುಪರೀಕ್ಷೆಯಲ್ಲಿ ಅವನು ಆ ಬೋರ್ಡಿನಲ್ಲಿದ್ದ ಹಾಗೇ ಬರೆದ. ಸರ್ ಪೇಪರು ಕೊಡುವಾಗ ಎಬ್ಬಿಸಿ ನಿಲ್ಲಿಸಿದರು.

‘ವಾಡ್ಯಾಗ ಟೇಲರ್ ಅಂಗಡಿ ಮ್ಯಾಲ ಹಿಂಗೇ ಅದರೀ ಸರ್. ಆರ್, ಎನ್.’

‘ಬೋರ್ಡ್ ಬರ್ದವ ಎಷ್ಟನೇತ್ತ ಕಲ್ತಾನ? ಗೈಡ್‌ನ್ಯಾಗ ಹ್ಯಾಂಗದ ಹಂಗ ಬರಿ.’

ಅವನು ಮತ್ತೊಮ್ಮೆ ‘ಅದರೀ ಸರ್’ ಅಂದ. ಲಕ್ಕಿ ಬರಲು ಮುರಿಯುವತನಕ ಬಡಿದರು. ಬಡಿಸಿಕೊಂಡವನ ಅಂಗೈಗಿಂತ ನನಗೆ ನೆನಪಿರುವುದು ಸರ್ ಅವರ ಮುಖ. ಸಿಟ್ಟಿತ್ತು, ನಿಜ. ಅದರ ಹಿಂದೆ ಬೇರೆ ಏನೋ ಇತ್ತು. ಅದು ಏನೆಂದು ಆಗ ಗೊತ್ತಾಗಲಿಲ್ಲ.

ಹತ್ತನೆಯ ಇಯತ್ತೆಯಲ್ಲಿ ಅವನು ಇಂಗ್ಲಿಷಿನಲ್ಲೇ ನಪಾಸಾದ. ಇನ್ನೊಮ್ಮೆ ಕಟ್ಟಿದ, ಮತ್ತೆ ನಪಾಸು. ಕಲ್ಲು ಪಾಲಿಶ್ ಮಾಡುವ ಮಶೀನಿಗೆ ಹೋದ. ನಮ್ಮ ಕಡೆ ಇದು ಹೊಸ ಕಥೆಯಲ್ಲ. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲೂ ರಾಜ್ಯದ ಪಟ್ಟಿಯ ಕಟ್ಟಕಡೆಯಲ್ಲಿ ಇದ್ದದ್ದು ಕಲಬುರಗಿಯೇ.

ನಾನು ಪಾಸಾದೆ. ಕಾಲೇಜಿನ ಫೀಜಿಗೆ ರೊಕ್ಕ ಬೇಕಿತ್ತು, ವಾಡಿಯಲ್ಲಿ ದೂರದ ಸಂಬಂಧಿಕರ ಮನೆಯಲ್ಲಿದ್ದುಕೊಂಡು ಬೋರ್ಡ್ ಬರೆಯುವ ಪೇಂಟರ್ ಚಾಚಾನ ಹತ್ತಿರ ಕೆಲಸಕ್ಕೆ ನಿಂತೆ. ಆ ಟೇಲರ್ ಬೋರ್ಡು ಬರೆದವನು ಇವನೇ ಅಂತ ಮೊದಲ ವಾರವೇ ಗೊತ್ತಾಯಿತು. ಅವನು ಎಷ್ಟನೇತ್ತ ಕಲಿತಿದ್ದ ಎಂಬ ಸರ್ ಅವರ ಪ್ರಶ್ನೆಗೆ ಉತ್ತರ: ಮೂರು, ಅದೂ ಉರ್ದುವಿನಲ್ಲಿ.

ಸಿಮೆಂಟಿನ ಊರು ಅದು. ಎಲೆಯ ಮೇಲೆ ಧೂಳು, ಚಹಾದ ಮೇಲೆ ಧೂಳು. ಒದ್ದೆ ಬಣ್ಣದ ಮೇಲೆ ಧೂಳು ಕೂತರೆ ಬೋರ್ಡು ಕೆಟ್ಟಿತು, ಅದಕ್ಕೆ ಚಾಚಾ ಬೆಳಗಾಗುವ ಮುಂಚೆಯೇ ಕೆಲಸ ಶುರು ಮಾಡುತ್ತಿದ್ದ. ತಗಡನ್ನು ಉಸುಕಿನ ಕಾಗದದಿಂದ ತಿಕ್ಕುವುದು, ಕೆಂಪು ಪ್ರೈಮರ್ ಬಳಿಯುವುದು ನನ್ನ ಪಾಲು. ಅದರ ಮೇಲೆ ನೀಲಿ ಎನಾಮೆಲ್ ಎರಡು ಕೈ. ಅದು ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಹಚ್ಚಿದ ದಾರವನ್ನು ಆ ಕಡೆ ನಾನು, ಈ ಕಡೆ ಚಾಚಾ ಹಿಡಿದು, ನಡುವೆ ಎತ್ತಿ ಬಿಟ್ಟರೆ ಟಪ್ ಅಂತ ಬಿಳಿ ಗೆರೆ ಬೀಳುತ್ತಿತ್ತು. ಎಡಗೈಯಲ್ಲಿ ಬಟ್ಟೆ ಸುತ್ತಿದ ಕೋಲು, ಅದರ ಮೇಲೆ ಬಲ ಮಣಿಕಟ್ಟು. ಒಂದು ಅಕ್ಷರಕ್ಕೆ ಕುಂಚ ಎಷ್ಟು ಸಲ ಎತ್ತಬೇಕೆಂಬುದು ಅವನಿಗೆ ಬಾಯಿಪಾಠ.

ನಾಲ್ಕು ಲಿಪಿ ಬರೆಯುತ್ತಿದ್ದ. ಉರ್ದು ಓದಿ ಬರೆಯುತ್ತಿದ್ದ, ಕನ್ನಡ ತಡವರಿಸಿ ಓದುತ್ತಿದ್ದ, ನಮ್ಮೂರಿನ ಚಂದ್ರಲಾಂಬಾ ದೇವಿಯ ದರ್ಶನಕ್ಕೆ ಮಹಾರಾಷ್ಟ್ರದಿಂದ ಬರುವವರಿಗಾಗಿ ಮರಾಠಿಯನ್ನೂ ಬರೆಯುತ್ತಿದ್ದ. ಇಂಗ್ಲಿಷ್ ಅವನಿಗೆ ಬರೀ ಚಿತ್ರ. ಎನ್ ಎಂದರೆ ಎರಡು ಕಂಬ, ನಡುವೆ ಒಂದು ಓರೆ ಕಡ್ಡಿ. ಆ ಕಡ್ಡಿ ಯಾವ ಕಡೆ ಓರೆ ಎಂಬುದು ಒಮ್ಮೊಮ್ಮೆ ತಪ್ಪುತ್ತಿತ್ತು. ಅಂಗಡಿಯವರು ಚೀಟಿಯಲ್ಲಿ ಬರೆದು ತಂದು ಕೊಡುವರು, ಅವನು ಚೀಟಿ ನೋಡಿ ದೊಡ್ಡದು ಮಾಡುವನು. ಟೇಲರ್ ತಂದದ್ದು ಹೈದರಾಬಾದಿನ ಯಾವುದೋ ದೊಡ್ಡ ಅಂಗಡಿಯ ಅಚ್ಚಾದ ಚೀಟಿಯಂತೆ, ಹಾಗಾಗಿ ಅಲ್ಲಿ ಮಾಡರ್ನ್ ಸರಿಯಾಗಿತ್ತು. ಸೈಕಲ್ ಅಂಗಡಿಯವನು ತಾನೇ ಕಿವಿಗೆ ಬಿದ್ದ ಹಾಗೆ ಬರೆದು ತಂದ: ಪಿ, ಎ, ಎನ್, ಸಿ, ಎಚ್, ಆರ್. ಪಂಚರ್. ಮದುವೆ ಮಂಟಪದವರು ವೆಲ್‌ಕಮ್ ಅನ್ನು ಎರಡು ತುಂಡು ಮಾಡಿ ಎರಡು ಎಲ್ ಕೊಟ್ಟರು. ಅದನ್ನು ನೋಡಿ ಪಕ್ಕದ ಊರಿನವರು, ಅವರನ್ನು ನೋಡಿ ಮತ್ತೊಬ್ಬರು. ವಾಡಿಯಿಂದ ಸೇಡಮ್ಮಿನತನಕ ಬಹಳ ದಿನ ಎಲ್ಲ ಮದುವೆಗಳಿಗೂ ಜನ ‘ವೆಲ್’ ‘ಕಮ್’ ಆಗಿಯೇ ಬಂದರು, ಉಂಡು ಹೋದರು.

ಎಸ್ಸೆಸ್ಸೆಲ್ಸಿ ಪಾಸಾದ ಹುಡುಗ ನಾನು, ಒಮ್ಮೆ ಹೇಳಿಯೂ ನೋಡಿದೆ. ‘ಚಾಚಾ, ರೆಸ್ಟೋರೆಂಟ್‌ನ್ಯಾಗ ಒಂದು ಯು ಬಿಟ್ಟದ.’

‘ಬಿಟ್ಟಿಲ್ಲ ಬೇಟಾ, ನಾನೇ ತೆಗ್ದೀನಿ. ಜಾಗಾ ಸಾಲಲಿಲ್ಲ. ಯಾರಿಗೆ ಹಸಿವಾಗ್ಯದ ಅವ ಓದ್ಕೋತಾನ.’

ಬೋರ್ಡಿನ ಬಲಗಡೆಯ ಮೂಲೆಯಲ್ಲಿ, ಬೆರಳುದ್ದದ ಜಾಗದಲ್ಲಿ, ತನ್ನ ಹೆಸರನ್ನು ಮಾತ್ರ ಉರ್ದುವಿನಲ್ಲಿ ಹಾಕುತ್ತಿದ್ದ. ಬಲದಿಂದ ಎಡಕ್ಕೆ, ಒಂದೇ ಕೈ, ಕುಂಚ ಎತ್ತದೆ. ಇಡೀ ಬೋರ್ಡಿನಲ್ಲಿ ಅದೊಂದರ ಸ್ಪೆಲಿಂಗ್ ಬಗ್ಗೆ ಅವನಿಗೆ ಯಾರ ಚೀಟಿಯೂ ಬೇಕಿರಲಿಲ್ಲ.

ನನ್ನ ಸ್ವಂತ ಗೊಂದಲಗಳೂ ಆಗಿನವೇ. ಸ್ಟೇಷನರಿ ಅಂಗಡಿ ಎಂದರೆ ಸ್ಟೇಷನ್ನಿಗೆ ಸೇರಿದ್ದು ಅಂದುಕೊಂಡಿದ್ದೆ. ವಾಡಿಯಲ್ಲಿ ಇದ್ದವನು ಮತ್ತೇನು ಅಂದುಕೊಂಡಾನು? ಬೋರ್ಡಿನಲ್ಲಿ ಇ ಬರೆಯಬೇಕಾದಲ್ಲಿ ಎ ಇತ್ತು. ಅದನ್ನು ಹಾಗೇ ಓದಿದರೆ ‘ನಿಂತಲ್ಲೇ ನಿಂತ’ ಅಂಗಡಿ. ಈಚೆಗೆ ತಿಳಿದದ್ದು: ಊರೂರು ಸುತ್ತದೆ ಒಂದೇ ಕಡೆ ಅಂಗಡಿ ಇಟ್ಟ ಪುಸ್ತಕದ ವ್ಯಾಪಾರಿಗೆ ಯುರೋಪಿನಲ್ಲಿ ಸ್ಟೇಷನರ್ ಅನ್ನುತ್ತಿದ್ದರು, ಪದ ಬಂದದ್ದೇ ಅಲ್ಲಿಂದ. ಲಾರಿಯವರ ಸ್ಟೆಪ್ನಿಯ ಕಥೆ ಇನ್ನೂ ಮಜಾ. ಸಿಮೆಂಟ್ ಲಾರಿಗಳ ಹೆಚ್ಚುವರಿ ಗಾಲಿಯ ಮೇಲೆ ಚಾಚಾ ಹೂ ಬಿಡಿಸುತ್ತಿದ್ದ. ಸ್ಟೆಪ್ನಿ ಶುದ್ಧ ಇಂಗ್ಲಿಷ್ ಅಂತ ನಮ್ಮ ಭಾವನೆ, ಇಂದಿನ ಇಂಗ್ಲೆಂಡಿನವನಿಗೆ ಹೇಳಿದರೆ ಅವನಿಗೆ ತಿಳಿಯುವುದು ಕಷ್ಟ. 1904ರ ಸುಮಾರಿಗೆ ವೇಲ್ಸಿನ ಲನೆಲ್ಲಿ ಎಂಬ ಊರಿನ ಸ್ಟೆಪ್ನಿ ಬೀದಿಯಲ್ಲಿ ಹೆಚ್ಚುವರಿ ಗಾಲಿ ಮಾಡಿ ಮಾರಿದರು, ಬೀದಿಯ ಹೆಸರೇ ಗಾಲಿಗೆ ಬಂತು. ಅಲ್ಲಿ ಮರೆತುಹೋಯಿತು. ಇಲ್ಲಿ ನಮ್ಮ ಕ್ಲೀನರ್ ಹುಡುಗರ ಬಾಯಲ್ಲಿ ಬದುಕಿದೆ.

1986ರಲ್ಲಿ ನಮ್ಮೂರಲ್ಲಿ ಒಂದು ಸಂಗತಿ ನಡೆಯಿತು. ಚಂದ್ರಲಾಂಬಾ ಗುಡಿಯ ಆವರಣದಲ್ಲಿರುವ ಕಾಳಿ ಗುಡಿಯ ಛಾವಣಿ ಕುಸಿಯಿತು. ಮೂರ್ತಿಯ ಕೆಳಗಿದ್ದ ಪೀಠದ ಕಲ್ಲು ನೋಡಿದರೆ ಅದರ ಎರಡೂ ಮೈಗೆ ಬ್ರಾಹ್ಮಿ ಅಕ್ಷರ: ಅಶೋಕನ ಶಾಸನ. ಯಾವ ಕಾಲದಲ್ಲೋ ಯಾರೋ ಮೂರ್ತಿ ಕೂರಿಸಲು ಕಲ್ಲಿನ ನಡುವೆ ತೂತು ಕೊರೆದಿದ್ದರು, ಆ ಜಾಗದ ಅಕ್ಷರಗಳು ಹೋಗಿದ್ದವು. ಒಂದು ಮೈಯಲ್ಲಿ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆ ಶಾಸನದ ಭಾಗ, ಇನ್ನೊಂದು ಮೈಯಲ್ಲಿ ಒಡಿಶಾದ ಧೌಲಿ, ಜೌಗಡಗಳಲ್ಲಿ ಸಿಕ್ಕ ಪ್ರತ್ಯೇಕ ಶಾಸನಗಳು.

ಊರಿಗೆ ಪಂಡಿತರು ಬಂದರು, ಪತ್ರಿಕೆಯವರು ಬಂದರು. ಆಮೇಲೆ 1990ರ ದಶಕದಲ್ಲಿ ಪಕ್ಕದ ಕನಗನಹಳ್ಳಿಯಲ್ಲಿ ಸ್ತೂಪ ಅಗೆದರು. ಅಲ್ಲಿ ರಾಣಿ, ಪರಿವಾರದ ಜೊತೆ ನಿಂತ ಅಶೋಕನ ಶಿಲ್ಪ, ಪಕ್ಕದಲ್ಲಿ ‘ರಾಯ ಅಸೋಕೋ’ ಎಂಬ ಬರಹ ಹೊರಬಿತ್ತು. ಶಕಾರ ಇಲ್ಲ, ಸಕಾರ. ಪ್ರಾಕೃತದಲ್ಲಿ ಅದು ಸರಿಯೇ. ಶಂಕರನಿಗೆ ಸಂಕರ ಅಂದದ್ದಕ್ಕೆ ಬೆಂಗಳೂರಿನಲ್ಲಿ ನಗಿಸಿಕೊಂಡ ನಮ್ಮಂಥವರಿಗೆ ಅದನ್ನು ನೋಡಿ ಸ್ವಲ್ಪ ಬಲ ಬಂದದ್ದು ಮಾತ್ರ ಸುಳ್ಳಲ್ಲ.

ನನ್ನನ್ನು ಹಿಡಿದದ್ದು ಹದಿನಾಲ್ಕನೆಯ ಶಾಸನ. ಇದರ ಪೂರ್ತಿ ಪಾಠ ಗುಜರಾತಿನ ಗಿರ್ನಾರಿನಲ್ಲಿದೆ. ಉಳಿದ ಶಾಸನಗಳಲ್ಲಿ ರಾಜ ಧರ್ಮ ಹೇಳುತ್ತಾನೆ, ಇದರಲ್ಲಿ ತನ್ನ ಶಾಸನಗಳ ಬಗ್ಗೆಯೇ ಹೇಳುತ್ತಾನೆ. ನನ್ನ ರಾಜ್ಯ ದೊಡ್ಡದು, ಬಹಳ ಬರೆಸಿದ್ದೇನೆ, ಇನ್ನೂ ಬರೆಸುತ್ತೇನೆ. ಕೆಲವು ಕಡೆ ಚಿಕ್ಕದಾಗಿದೆ, ಕೆಲವು ಕಡೆ ವಿಸ್ತಾರವಾಗಿದೆ. ಮಾತು ಸಿಹಿಯೆಂದು ಕೆಲವನ್ನು ಮತ್ತೆ ಮತ್ತೆ ಹೇಳಿದ್ದೇನೆ. ಎಲ್ಲಾದರೂ ಅಪೂರ್ಣವಾಗಿ ಬರೆದಿದ್ದರೆ ಅದು ದೇಶದ ಕಾರಣಕ್ಕೆ ಇರಬಹುದು, ಲಿಪಿಕಾರನ ತಪ್ಪಿನಿಂದಲೂ ಇರಬಹುದು. ಇದು ಅದರ ತಾತ್ಪರ್ಯ. ಇಲ್ಲಿ ದೇಶವೆಂದರೆ ಪ್ರದೇಶ ಅನ್ನುತ್ತಾರೆ ಪಂಡಿತರು. ನಾನಂತೂ ಅದನ್ನು ಓದಿದಾಗಲೆಲ್ಲ ‘ಜಾಗಾ ಸಾಲಲಿಲ್ಲ’ ಅಂತಲೇ ಓದುತ್ತೇನೆ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಆ ಲಿಪಿಕಾರರಲ್ಲೊಬ್ಬ ತನ್ನ ಹೆಸರನ್ನೂ ಹಾಕಿದ್ದಾನೆ, ಚಪಡ ಅಂತ. ಶಾಸನವೆಲ್ಲ ಬ್ರಾಹ್ಮಿ. ತಾನು ಲಿಪಿಕಾರ ಎಂದು ಹೇಳುವ ಕೊನೆಯ ಪದ ಮಾತ್ರ ವಾಯವ್ಯ ಭಾರತದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ. ಸುದ್ದಿಯನ್ನು ಚಾಚಾನಿಗೆ ಹೇಳಿದೆ. ‘ಅವನ ಊರ್ಕಡಿ ಲಿಪಿ ಇರ್ಬೇಕು’ ಅಂದ, ಕುಂಚ ಎತ್ತದೆ.

ರಾಜ ತನ್ನ ಲಿಪಿಕಾರನ ತಪ್ಪನ್ನು ಕಲ್ಲಿನ ಮೇಲೆ ಒಪ್ಪಿಕೊಂಡ. ಇಂಗ್ಲಿಷಿನ ದೊಡ್ಡವರು ಅಷ್ಟು ಸುಲಭಕ್ಕೆ ಒಪ್ಪಿದವರಲ್ಲ, ಆದರೆ ಅವರ ನಿಘಂಟಿನಲ್ಲೂ ಮೋಡೆಮ್‌ಗಳು ಬೇಕಾದಷ್ಟಿವೆ. ಕರಡು ತಿದ್ದುವ ಕೆಲಸದಲ್ಲಿ ನಾನು ಇವನ್ನು ಹುಡುಕಿ ಹುಡುಕಿ ಕೂಡಿಸಿದೆ. 1934ರ ವೆಬ್‌ಸ್ಟರ್ ನಿಘಂಟಿನಲ್ಲಿ ‘ಡಾರ್ಡ್’ ಎಂಬ ಪದಕ್ಕೆ ಸಾಂದ್ರತೆ ಎಂಬ ಅರ್ಥ ಅಚ್ಚಾಯಿತು. ಸಾಂದ್ರತೆಗೆ ದೊಡ್ಡ ಡಿ ಅಥವಾ ಚಿಕ್ಕ ಡಿ ಸಂಕೇತ ಅಂತ ಯಾರೋ ಚೀಟಿಯಲ್ಲಿ ಬರೆದದ್ದನ್ನು ಕೂಡಿಸಿ ಓದಿ ಒಂದು ಪದ ಮಾಡಿಬಿಟ್ಟಿದ್ದರು. ಮತ್ತೆ ಚೀಟಿ! 1939ರತನಕ ಯಾರ ಕಣ್ಣಿಗೂ ಬೀಳಲಿಲ್ಲ. ಇಂಥ ಇಲ್ಲದ ಪದಗಳಿಗೆ ದೆವ್ವದ ಪದ ಅಂತ ಹೆಸರಿಟ್ಟವರು ವಾಲ್ಟರ್ ಸ್ಕೀಟ್ ಎಂಬ ವಿದ್ವಾಂಸ, 1886ರಲ್ಲಿ. ಇನ್ನು ಸಿಲಬಸ್. ನಮ್ಮನ್ನು ಹತ್ತು ವರ್ಷ ಹೆದರಿಸಿದ ಆ ಪದವೇ ಅಚ್ಚಿನ ತಪ್ಪು. ಹಸ್ತಪ್ರತಿಗೆ ಅಂಟಿಸುವ ಚರ್ಮದ ಪಟ್ಟಿಗೆ ಇದ್ದ ಗ್ರೀಕ್ ಪದವೊಂದನ್ನು, ಸಿಸಿರೋನ ಪತ್ರಗಳನ್ನು ಹದಿನೈದನೆಯ ಶತಮಾನದಲ್ಲಿ ಅಚ್ಚು ಹಾಕುವಾಗ ತಪ್ಪಾಗಿ ಓದಿದರು. ಅದನ್ನು ಯಾರೂ ಲಕ್ಕಿ ಬರಲಿನಿಂದ ಬಡಿಯಲಿಲ್ಲ. ವಿಶ್ವವಿದ್ಯಾಲಯದಲ್ಲಿ ಕೂರಿಸಿದರು.

ಅದೇ 1886ರಲ್ಲಿ ಲಂಡನ್ನಿನಲ್ಲಿ ಇನ್ನೊಂದು ಕೋಶ ಬಂತು: ಹಾಬ್ಸನ್-ಜಾಬ್ಸನ್. ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು ಹಿಂದುಸ್ತಾನದ ಇಂಗ್ಲಿಷ್ ಪದಗಳನ್ನು ಕೂಡಿಸಿದ ದೊಡ್ಡ ಪುಸ್ತಕ. ಹೆಸರು ಎಲ್ಲಿಯದೆಂದರೆ ಮೊಹರಮ್ಮಿನದು. ಎದೆ ಬಡಿದುಕೊಳ್ಳುತ್ತ ‘ಯಾ ಹಸನ್, ಯಾ ಹುಸೇನ್’ ಅನ್ನುವುದು ಬಿಳಿ ಸಿಪಾಯಿಗಳ ಕಿವಿಗೆ ಹಾಗೆ ಕೇಳಿತ್ತು. ನಮ್ಮ ಕಡೆ ಪೀರಲ ಹಬ್ಬದಲ್ಲಿ ಅಲಾಯಿ ಕುಣಿಯುವವರಲ್ಲಿ ಅರ್ಧಕ್ಕರ್ಧ ಲಿಂಗಾಯತರು, ಕುರುಬರು, ಕಬ್ಬಲಿಗರು. ಆ ಕೂಗು ನಮಗೆ ತೊಟ್ಟಿಲಿನಿಂದ ಪರಿಚಯ. ತಪ್ಪು ಕೇಳಿಸಿಕೊಂಡವರು ಆ ತಪ್ಪನ್ನೇ ಪುಸ್ತಕದ ಹೆಸರಾಗಿಟ್ಟು ಹೆಮ್ಮೆಪಟ್ಟರು. ನಾವು ತಪ್ಪು ಬರೆದರೆ ಬೆಂಚಿನ ಮೇಲೆ ನಿಂತೆವು.

ಸೇಡಂ ಸ್ಟೇಷನ್ನಿನ ಹೆಸರು ರೈಲ್ವೆಯ ಇಂಗ್ಲಿಷಿನಲ್ಲಿ ಎಸ್, ಇ, ಆರ್, ಎ, ಎಂ. ಸೇರಂ. ಉರ್ದುವಿನ ಒಂದು ‘ಡ’ ನಾಲಿಗೆ ಹೊರಳಿಸಿ ಹೇಳುವಂಥದು, ಇಂಗ್ಲಿಷಿಗೆ ಬರುವಾಗ ಅದು ಆರ್ ಆಗುತ್ತದೆ. ನಿಜಾಮರ ಕಾಲದ ರೈಲಿನಲ್ಲಿ ನಮ್ಮ ಡಕಾರ ಹೋದದ್ದು ಹೀಗೇ ಇರಬೇಕು. ಮಳಖೇಡದ ಸ್ಟೇಷನ್ ‘ಮಲ್ಖೈಡ್ ರೋಡ್’. ಆ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಭಾಷೆಯ ತಪ್ಪುಗಳ ಬಗ್ಗೆ ಎಷ್ಟು ತಲೆ ಕೆಡಿಸಿಕೊಂಡಿದೆ ನೋಡಬೇಕು. ಕನ್ನಡಕ್ಕೆ ಸಂಸ್ಕೃತ ಬೆರೆಸಿ ಸಮಾಸ ಮಾಡಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದ ಹಾಗೆ ಅನ್ನುತ್ತದೆ. ವ್ಯಾಕರಣದವರು ಅದಕ್ಕೆ ಅರಿಸಮಾಸ ಅಂದರು. ಅದೇ ತಾಲೂಕಿನ ಜನ ಈಗ ಲಾಠಿಚಾರ್ಜ್ ಅನ್ನುತ್ತಾರೆ, ಹೆಡ್‌ಮಾಸ್ತರ್ ಅನ್ನುತ್ತಾರೆ. ಹಾಲು ಒಡೆದದ್ದು ಮಾತ್ರ ನನಗೆ ಕಾಣಲಿಲ್ಲ.

ಫ್ಲೆಕ್ಸ್ ಬಂದ ಮೇಲೆ ಚಾಚಾನ ಕೆಲಸ ನಿಂತಿತು. ಒಂದೆರಡು ವರ್ಷ ಲಾರಿಗಳ ಹಿಂದೆ ‘ಹಾರ್ನ್ ಓಕೆ ಪ್ಲೀಸ್’ ಬರೆದುಕೊಂಡಿದ್ದ, ಅದಕ್ಕೂ ಅಂಟಿಸುವ ಚೀಟಿ ಬಂದವು. ಈಗಿನ ಫ್ಲೆಕ್ಸಿನಲ್ಲಿ ಸ್ಪೆಲಿಂಗ್ ತಪ್ಪು ಕಡಿಮೆ, ಕಂಪ್ಯೂಟರು ತಿದ್ದುತ್ತದೆ. ಊರ ಹೆಸರುಗಳನ್ನು ಬಿಟ್ಟು.

ನಾನು ಕೆಲಸ ಮಾಡುತ್ತಿದ್ದ ಕಡೆ ಇಂಟರ್ನೆಟ್ ಬಂದದ್ದು ತೊಂಬತ್ತರ ದಶಕದ ಕೊನೆಗೆ. ನಮ್ಮ ದೇಶದಲ್ಲಿ ಜನರಿಗೆ ಅದು ಸಿಗಲು ಶುರುವಾದದ್ದು 15 ಆಗಸ್ಟ್ 1995ರಂದು, ಕಲಬುರಗಿಯಲ್ಲಿ ನಮ್ಮ ಮೇಜಿನತನಕ ಬರಲು ಸಮಯ ಹಿಡಿಯಿತು. ಟೆಲಿಫೋನ್ ತಂತಿಗೆ ಸಿಕ್ಕಿಸುವ ಒಂದು ಚಪ್ಪಟೆ ಡಬ್ಬಿ ತಂದಿಟ್ಟರು. ಹಚ್ಚಿದರೆ ಕುಂಯ್ ಕುಂಯ್ ಅಂತ ಅರಚಿ, ಗರಗರ ಅಂದು, ಸುಮ್ಮನಾಗುತ್ತಿತ್ತು. ಇದೇನ್ರೀ ಅಂದೆ. ‘ಮೋಡೆಮ್’ ಅಂದರು.

ನಾನು ನಕ್ಕದ್ದು ಯಾಕೆಂದು ಅವರಿಗೆ ಯಾರಿಗೂ ತಿಳಿಯಲಿಲ್ಲ. ಗೈಡಿನಲ್ಲಿ ಅಚ್ಚಾದದ್ದು ಕಡೆಗೂ ನಿಜವಾಗಿತ್ತು. ಏನ್ಶಂಟ್‌ಗೆ ವಿರುದ್ಧ, ಇದಕ್ಕಿಂತ ಬೇರೆ ಇನ್ನೇನು ಬೇಕು?

ಅದೇ ವರ್ಷ ಇಂಗ್ಲಿಷ್ ಸರ್ ಚಿತ್ತಾಪುರದಲ್ಲಿದ್ದಾರೆಂದು ತಿಳಿದು ನೋಡಲು ಹೋದೆ. ನಿವೃತ್ತರಾಗಿದ್ದರು. ಕೋಟು ಗೂಟಕ್ಕಿತ್ತು. ಕಾಲು ಮುಗಿದೆ, ಮನೆಯವರು ಚಹಾ ತಂದರು. ಆ ದಿನ ಅವರು ತಮ್ಮ ಕಥೆ ಹೇಳಿದರು, ವರ್ಗದಲ್ಲಿ ಎಂದೂ ಹೇಳದ್ದು. ನಿಜಾಮರ ಆಳ್ವಿಕೆಯಲ್ಲಿ ಉರ್ದು ಮಾಧ್ಯಮದಲ್ಲಿ ಓದುತ್ತಿದ್ದವರು. 1948ರ ಪೊಲೀಸ್ ಕಾರ್ಯಾಚರಣೆಯ ಮೇಲೆ ಕಾಲ ಬದಲಾಯಿತು, ಕನ್ನಡ ಗಟ್ಟಿ ಮಾಡಿಕೊಳ್ಳಬೇಕಾಯಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನೌಕರಿ ಉಳಿಯಲು ಇಂಗ್ಲಿಷ್ ಬೇಕಾಯಿತು. ಕಂದೀಲಿನ ಮುಂದೆ ಕೂತು ತಾವೇ ಕಲಿತರು. ತರಬೇತಿಗೆ ಹೋಗುವತನಕ ಒಬ್ಬ ಮನುಷ್ಯ ಇಂಗ್ಲಿಷ್ ಮಾತಾಡುವುದನ್ನು ಕಿವಿಯಾರೆ ಕೇಳಿರಲಿಲ್ಲವಂತೆ. ಮೂರು ಭಾಷೆ, ಒಂದೊಂದನ್ನೂ ಸರಕಾರ ಬದಲಾದಾಗ ಕಲಿತದ್ದು. ಮೇಷ್ಟ್ರಿಗೆ ಇಂಗ್ಲಿಷ್ ಬರುವುದಿಲ್ಲ ಅಂತ ಹಿಂದೆ ಆಡಿಕೊಂಡವರಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ.

ನಾನು ಮೋಡೆಮ್ಮಿನ ಸುದ್ದಿ ತೆಗೆದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ.

‘ಅದು ತಪ್ಪಂತ ನನಗ ಆಗೇ ಗೊತ್ತಿತ್ತೋ ತಮ್ಮಾ’ ಅಂದರು. ‘ಮಾಡರ್ನ್ ಅನ್ನೋದು ಯಾರಿಗ ಗೊತ್ತಿಲ್ಲ? ಪೇಪರ್ ತಿದ್ದವ್ರ ಕೈಯಾಗೂ ಅದೇ ಗೈಡ್ ಇರ್ತಿತ್ತು. ಅವ್ರು ಕೀ ಉತ್ತರ ನೋಡಿ ಅಂಕ ಹಾಕೋರು. ನೀವು ಸರಿ ಬರ್ದು ನಪಾಸಾಗ್ಬೇಕಿತ್ತೇನು?’

ಪೇಪರು ತಿದ್ದುವಲ್ಲಿ ನಿಜಕ್ಕೂ ಹಾಗಿತ್ತೋ ಅಥವಾ ಅದು ಅವರ ಹೆದರಿಕೆಯೋ, ಹೇಳುವುದು ಕಷ್ಟ. ಅವರ ಮಾತಿನಲ್ಲಿ ಸುಳ್ಳು ಇದೆಯೆಂದು ಮಾತ್ರ ನನಗೆ ಅನ್ನಿಸಲಿಲ್ಲ. ನಮ್ಮನ್ನು ಹೇಗಾದರೂ ದಡ ಹತ್ತಿಸಬೇಕೆಂದು ಗೊತ್ತಿದ್ದೂ ತಪ್ಪು ಕಲಿಸಿದ ಮನುಷ್ಯ. ನೀರು ತುಂಬಿದ ಕಣ್ಣಲ್ಲಿ ಕಾಲು ಮುಗಿದು ಬಂದೆ ಅಂತ ಬರೆದರೆ ಓದುವವರಿಗೆ ಹಿತವಾಗುತ್ತದೆ. ನಾನು ಹೊರಗೆ ಬಂದಾಗ ನನಗೆ ಸಿಟ್ಟೇ ಇತ್ತು. ಗೊತ್ತಿಲ್ಲದೆ ಬಡಿದಿದ್ದರೆ ಕ್ಷಮಿಸುವುದು ಸುಲಭವಿತ್ತು.

ಅಲ್ಲಿಂದ ಶಹಾಬಾದಿಗೆ ಹೋದೆ. ಗೆಳೆಯನಿಗೆ ಅಷ್ಟರಲ್ಲಿ ಸ್ವಂತದ ಪಾಲಿಶ್ ಮಶೀನು ಆಗಿತ್ತು. ಕಲ್ಲಿನ ಕೆಸರು ಮೊಣಕೈತನಕ. ಮಶೀನು ಬಂದ್ ಮಾಡಿ, ಕೈ ತೊಳೆದು, ನನ್ನ ಎದುರಿಗೆ ಫರಸಿ ಅಟ್ಟಿಯ ಮೇಲೆ ಕೂತ. ಸರ್ ಹೇಳಿದ್ದನ್ನು ಹೇಳಿದೆ: ಅವರಿಗೆ ಗೊತ್ತಿತ್ತಂತೆ, ನಾವು ಪಾಸಾಗಲಿ ಅಂತ ಹಾಗೆ ಮಾಡಿದರಂತೆ.

ಎಲ್ಲ ಕೇಳಿ ಬೀಡಿ ಹಚ್ಚಿದ. ‘ಹಂಗಾರ ಅಷ್ಟೇ ಕಿವ್ಯಾಗ ಹೇಳ್ಬೇಕಿತ್ತಲ್ಲ’ ಅಂದ. ‘ನನಗ್ಯಾಕ ಬಡದ್ರು?’